ಎಂಜಿನ್ ಏನು ಹೇಳುತ್ತಿದೆ, ಕೇಳಿ

ಇವತ್ತಿನ ಮಾತು ಮುಖ್ಯವಾಗಿ ನಿಮ್ಮ ಜೊತೆ, ಅಂದರೆ ಇಲ್ಲೇ ಸಿಯಾಟಲ್ ಸುತ್ತಮುತ್ತ ಹುಟ್ಟಿ ಬೆಳೆದು ಈಗಷ್ಟೇ ಸ್ಟಿಯರಿಂಗ್ ಹಿಡಿದಿರುವ ಹುಡುಗ ಹುಡುಗಿಯರ ಜೊತೆ. ವಿಷಯ ಕಾರಿನ ಎಂಜಿನ್ ಸದ್ದು. "ಕನ್ನಡ ಎಂ.ಎ. ಓದಿದ ಆಂಟಿಗೂ ಎಂಜಿನ್ನಿಗೂ ಏನು ಸಂಬಂಧ?" ಎಂದು ನಗಬೇಡಿ. ರಾತ್ರಿ ಹನ್ನೊಂದು ಗಂಟೆಗೆ ಮಗನ ಕಾರು ನಮ್ಮ ಬೀದಿಯ ತಿರುವಿಗೆ ಬಂದದ್ದು ನನಗೆ ಹಾಸಿಗೆಯಲ್ಲೇ ಗೊತ್ತಾಗುತ್ತದೆ. ಆ ಸದ್ದು ಕೇಳಿದ ಮೇಲೆಯೇ ನನಗೆ ನಿದ್ದೆ.

ಮೊದಲು ಈ ಸದ್ದು ಹುಟ್ಟುವುದು ಹೇಗೆ ಎಂದು ನೋಡೋಣ. ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಆಮೇಲೆ ವಾಲ್ವ್ ತೆರೆದಾಗ ಒತ್ತಡದಲ್ಲಿದ್ದ ಬಿಸಿ ಅನಿಲ ಕೊಳವೆಗೆ ನುಗ್ಗುತ್ತದೆ. ಅದೇ ಒಂದು ಬಡಿತ. ನಾವು ದಿನವೂ ಓಡಿಸುವ ನಾಲ್ಕು ಸಿಲಿಂಡರಿನ ಕಾರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಇಂಥ ಎರಡು ಬಡಿತ. ಕಾರು ನಿಂತಲ್ಲೇ ಇದ್ದು ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ಬಡಿತ. 1500ಕ್ಕೆ 50, 3000ಕ್ಕೆ 100, 6000ಕ್ಕೆ 200.

ನಿಮ್ಮಲ್ಲಿ ಅನೇಕರು ವಾರಾಂತ್ಯದಲ್ಲಿ ಸಂಗೀತ ಪಾಠಕ್ಕೆ ಹೋದವರು. ಮಧ್ಯ ಸ್ಥಾಯಿಯ ಷಡ್ಜಕ್ಕಿಂತ ತಾರ ಸ್ಥಾಯಿಯ ಷಡ್ಜದ ಕಂಪನ ಎರಡರಷ್ಟು ಎಂಬುದು ನಿಮಗೆ ಗೊತ್ತು. ಹಾಗಾದರೆ ಲೆಕ್ಕ ಹಾಕಿ: ನಿಂತ ಕಾರು ಆರು ಸಾವಿರ ಸುತ್ತು ಮುಟ್ಟುವಷ್ಟರಲ್ಲಿ ಅದರ ದನಿ ಮೂರು ಸ್ಥಾಯಿ ಏರಿರುತ್ತದೆ! ಒಳ್ಳೆಯ ಗಾಯಕರೂ ಪಡುವ ಕಷ್ಟವನ್ನು ಅಪ್ಪನ ಹಳೆಯ ಸಿವಿಕ್ ಸದ್ದಿಲ್ಲದೆ, ಅಲ್ಲಲ್ಲ, ಸದ್ದು ಮಾಡಿಯೇ ನಿಭಾಯಿಸುತ್ತದೆ.

ಹಾಗಾದರೆ ಹಿತ ಎಲ್ಲಿದೆ? ಬರೀ ಜೋರಿನಲ್ಲಿ ಅಲ್ಲ. ಪಾದ ಒತ್ತಿದಷ್ಟೂ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ನೀವು ಕೇಳಿದ ಪ್ರಶ್ನೆಗೆ ಯಂತ್ರ ತಕ್ಷಣ ಉತ್ತರ ಕೊಡುತ್ತದೆ. ಐ-90ರಲ್ಲಿ ನಾರ್ತ್ ಬೆಂಡ್ ದಾಟಿ ಸ್ನೋಕ್ವಾಲ್ಮಿ ಪಾಸ್ ಕಡೆಗೆ ಏರುವಾಗ ಗಮನಿಸಿ. ಅದು ಸುಮಾರು 3000 ಅಡಿ ಎತ್ತರದ ಕಣಿವೆದಾರಿ. ಏರು ಶುರುವಾದಾಗ ಎಂಜಿನ್ನಿನ ದನಿ ಭಾರವಾಗುತ್ತದೆ, ಒಂದು ಗೇರ್ ಇಳಿಸಿದರೆ ಹಗುರಾಗುತ್ತದೆ. ಮೀಟರ್ ನೋಡದೆಯೇ ಕಿವಿಗೆ ಗೊತ್ತಾಗುತ್ತದೆ.

ಇಲ್ಲಿ ಟಾರ್ಕ್ ಮತ್ತು ಹಾರ್ಸ್‌ಪವರ್ ಎಂಬ ಎರಡು ಮಾತು ಬರುತ್ತವೆ. ಕೆಸರಿನಲ್ಲಿ ಹೂತ ಗಾಡಿಯನ್ನು ಎತ್ತು ಎಳೆದು ಮೇಲೆತ್ತುತ್ತದಲ್ಲ, ಆ ಎಳೆತದ ಬಲದಂತೆ ಚಕ್ರವನ್ನು ತಿರುಗಿಸುವ ಬಲ ಟಾರ್ಕ್. ಅದೇ ಕೆಲಸ ಎಷ್ಟು ಬೇಗ ಆಗುತ್ತದೆ ಎಂಬುದು ಪವರ್. ಐನೂರು ಹಾರ್ಸ್‌ಪವರ್ ಇರುವ ಕಾರು ಕಾನೂನಿನ ವೇಗದಲ್ಲಿ ಅರ್ಧ ನಿದ್ದೆಯಲ್ಲಿರುತ್ತದೆ. ಸಣ್ಣ ಎಂಜಿನ್ನಿನ ಸಾದಾ ಕಾರು ಅದೇ ದಿಬ್ಬದಲ್ಲಿ ತನ್ನ ಶಕ್ತಿಯನ್ನೆಲ್ಲ ಬಿಚ್ಚಿ ತೋರಿಸುತ್ತದೆ. ಟಿಕೆಟ್ ತೆಗೆದುಕೊಳ್ಳದೆ ಸಿಗುವ ಖುಷಿ ಅದು.

ಇನ್ನು ನಮ್ಮೂರಿನ ಮಳೆಗೂ ಹಿಮಕ್ಕೂ ಒಗ್ಗಿದ ಸುಬಾರು ಕಾರುಗಳು. ಅವುಗಳಲ್ಲಿ ಪಿಸ್ಟನ್ನುಗಳು ಮಲಗಿ, ಎದುರುಬದುರಾಗಿ ಓಡುತ್ತವೆ. ಹಳೆಯ ಡಬ್ಲ್ಯೂಆರ್‌ಎಕ್ಸ್ ಕಾರುಗಳಲ್ಲಿ ಸಿಲಿಂಡರುಗಳಿಂದ ಹೊಗೆ ಹೊರಬರುವ ಕೊಳವೆಗಳ ಉದ್ದ ಒಂದೇ ಸಮ ಇರಲಿಲ್ಲ. ಒಳಗಿನ ಬಡಿತಗಳು ತಕಧಿಮಿ ಎಂದು ಸಮವಾಗಿ ಹುಟ್ಟಿದರೂ ಹೊರಗೆ ಬರುವಷ್ಟರಲ್ಲಿ ಕೆಲವು ಬೇಗ, ಕೆಲವು ತಡ. ಆ ಹೆಚ್ಚುಕಡಿಮೆಯೇ ಪ್ರಸಿದ್ಧವಾದ ಗುಡುಗುಡು ಸದ್ದು. 2015ರ ಮಾದರಿಯಲ್ಲಿ ಎಂಜಿನ್ ಬದಲಾಗಿ ಕೊಳವೆಗಳು ಸಮನಾದವು. ಯಂತ್ರ ಸುಧಾರಿಸಿತು, ಗುಡುಗು ತಗ್ಗಿತು, ಅಭಿಮಾನಿಗಳು ಮುಖ ಸಣ್ಣ ಮಾಡಿಕೊಂಡರು!

ನಗಬೇಡಿ, ನಿಮ್ಮ ಅಜ್ಜಂದಿರೂ ಹೀಗೆಯೇ ಇದ್ದರು. ಉತ್ತರ ಕರ್ನಾಟಕದಲ್ಲಿ ಮೋಟಾರ್ ಸೈಕಲ್ಲಿಗೆ ಅದರ ಸದ್ದನ್ನೇ ಹೆಸರಾಗಿಟ್ಟು ಫಟಫಟಿ ಎಂದರು. ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಅಲ್ಲಿಂದ ಬಂದವು. ಅವು ಟೂ-ಸ್ಟ್ರೋಕ್ ಎಂಜಿನ್ನುಗಳು. ಫೋರ್-ಸ್ಟ್ರೋಕ್‌ನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿದರೆ ಇದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ನನ್ನ ಅಪ್ಪನ ಬಳಿಯೂ ಒಂದು ಯೆಜ್ಡಿ ಇತ್ತು. ರಿಪೇರಿಗೆ ಹೋದಾಗ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಡಾಕ್ಟರು ಎದೆ ಬಡಿತ ಕೇಳುವ ಹಾಗೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಈಗ ಮನೆಯ ಕತೆಗೆ ಬರುತ್ತೇನೆ. ಮಗ ಎರಡು ಬೇಸಿಗೆ ದುಡಿದ ಹಣದಲ್ಲಿ ಕೊಂಡದ್ದು ಹಳೆಯ ಟರ್ಬೋ ಕಾರು. ಹಿಂದಿನ ಮಾಲೀಕರು ಮೂಲ ಮಫ್ಲರ್ ತೆಗೆದು ಜೋರು ಸದ್ದಿನದನ್ನು ಹಾಕಿಸಿದ್ದರು. ತೆಗೆದದ್ದನ್ನೂ ಡಿಕ್ಕಿಯಲ್ಲಿ ಇಟ್ಟುಕೊಟ್ಟಿದ್ದರು, ಪುಣ್ಯಕ್ಕೆ. ಮಗನಿಗೋ ಅದು ಸಿಂಹದ ಗರ್ಜನೆ. ಪಕ್ಕದ ಮನೆಯಲ್ಲಿ ಎಳೆಯ ಬಾಣಂತಿ. ಒಂದು ದಿನ ಆಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು, ಜಗಳವಾಡದೆ, "ಇವಳು ಈಗಷ್ಟೇ ಮಲಗಿದ್ದಳು" ಎಂದಳು ಅಷ್ಟೆ. ಬೈಗುಳವಾಗಿದ್ದರೆ ಮಗ ವಾದ ಮಾಡುತ್ತಿದ್ದನೇನೋ. ತಲೆ ತಗ್ಗಿಸಿ ನಿಂತ. ನಮ್ಮ ವಾಷಿಂಗ್ಟನ್ ರಾಜ್ಯದ ಕಾನೂನು ಕೂಡ ಮೂಲ ಮಫ್ಲರಿಗಿಂತ ಸದ್ದು ಹೆಚ್ಚುವ ಹಾಗೆ ಎಕ್ಸಾಸ್ಟ್ ಬದಲಿಸಬಾರದು ಎನ್ನುತ್ತದೆ. ಆ ಶನಿವಾರವೇ ಹಳೆಯ ಮಫ್ಲರ್ ಮತ್ತೆ ಹಾಕಿಸಿದ. ಕಾರು ನಿಧಾನವಾಯಿತೇ? ಅವನಿಗೇ ವ್ಯತ್ಯಾಸ ತಿಳಿಯಲಿಲ್ಲ. ಸದ್ದು ಹೆಚ್ಚಿದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ.

ಆದರೆ ಮರುದಿನ ಬೆಳಿಗ್ಗೆ ಇನ್ನೊಂದು ಕೇಳಿಸಿತು. ಚಳಿಯಲ್ಲಿ ಕಾರು ಶುರು ಮಾಡಿದ ಕೂಡಲೇ ಟಿಕ್ ಟಿಕ್ ಟಿಕ್. ಎಂಜಿನ್ ಬಿಸಿಯಾದ ಮೇಲೆ ಮಾಯ. ನನಗೆ ಆ ಸ್ಕ್ರೂಡ್ರೈವರ್ ಮೆಕ್ಯಾನಿಕ್ ನೆನಪಾದರು. "ತೋರಿಸಿಕೊಂಡು ಬಾ" ಎಂದೆ. ಎಂಜಿನ್ ಮತ್ತು ಎಕ್ಸಾಸ್ಟ್ ಕೂಡುವ ಜಾಗದ ಗ್ಯಾಸ್ಕೆಟ್ ಹೋಗಿ ಹೊಗೆ ಸೋರುತ್ತಿತ್ತು. ಬಿಸಿಗೆ ಲೋಹ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತಿದ್ದುದರಿಂದ ಆಮೇಲೆ ಸದ್ದು ನಿಲ್ಲುತ್ತಿತ್ತು. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನೊಳಗೆ ಸೇರಿದರೆ ಜೀವಕ್ಕೇ ಅಪಾಯ. ಎಷ್ಟು ದಿನದಿಂದ ಸೋರುತ್ತಿತ್ತೋ. ಗರ್ಜನೆಯ ಕೆಳಗೆ ಟಿಕ್ ಟಿಕ್ ಮುಚ್ಚಿಹೋಗಿತ್ತು.

ನಾನು ಹೇಳಬೇಕೆಂದದ್ದು ಇದೇ. ಎಂಜಿನ್ನಿನ ಸದ್ದು ಅದರ ಮಾತು. ಮಾತು ಕೇಳುವುದಕ್ಕೆ, ಊರಿಗೆಲ್ಲ ಕೂಗಿ ಹೇಳುವುದಕ್ಕಲ್ಲ. ಕನ್ನಡದಲ್ಲಿ ನಾದ ಬೇರೆ, ಗದ್ದಲ ಬೇರೆ. ನಿಮ್ಮ ಖುಷಿ ನಾದದಲ್ಲಿದೆ.

ಈ ನಾದಕ್ಕೆ ಇನ್ನೆಷ್ಟು ಕಾಲವೋ. ಎಲೆಕ್ಟ್ರಿಕ್ ಕಾರುಗಳು ಎಷ್ಟು ಮೌನಿಗಳೆಂದರೆ, ಕಣ್ಣು ಕಾಣದ ಪಾದಚಾರಿಗಳಿಗೆ ತಿಳಿಯಲೆಂದು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದವರೆಗೆ ಅವು ಸದ್ದು ಮಾಡಲೇಬೇಕೆಂಬ ಫೆಡರಲ್ ನಿಯಮವೇ ಬಂದಿದೆ. ಹ್ಯುಂಡೈ ಐಯೋನಿಕ್ 5 ಎನ್ ಎಂಬ ಎಲೆಕ್ಟ್ರಿಕ್ ಕಾರು ಸ್ಪೀಕರಿನಲ್ಲಿ ಎಂಜಿನ್ ಸದ್ದು ನುಡಿಸಿ, ಇಲ್ಲದ ಗೇರನ್ನು ಬದಲಿಸಿದಂತೆ ನಟಿಸುತ್ತದೆ. ಆಟಕ್ಕೆ ಚೆನ್ನ. ಆದರೆ ಸ್ಪೀಕರಿನ ಸದ್ದು ಗ್ಯಾಸ್ಕೆಟ್ ಹೋದದ್ದನ್ನು ಹೇಳುವುದಿಲ್ಲ.

ನನ್ನ ಮಗನೂ ಮುಂದಿನ ಕಾರು ಎಲೆಕ್ಟ್ರಿಕ್ ಎನ್ನುತ್ತಿದ್ದಾನೆ. ತೆಗೆದುಕೊಳ್ಳಲಿ, ಗಾಳಿಗೂ ಪಕ್ಕದ ಮನೆಯ ಕೂಸಿಗೂ ಒಳ್ಳೆಯದು. ಆಗ ನಾನು ಬಾಗಿಲ ಬೀಗದ ಸದ್ದಿಗೆ ಕಿವಿಗೊಟ್ಟು ಮಲಗುತ್ತೇನೆ. ಅಲ್ಲಿಯವರೆಗೆ ನೀವೊಂದು ಕೆಲಸ ಮಾಡಿ. ನಾಳೆ ಕಾರು ಶುರು ಮಾಡಿದಾಗ ಐದು ನಿಮಿಷ ಹಾಡು ನಿಲ್ಲಿಸಿ, ನಮ್ಮ ರೇಡಿಯೋವನ್ನೂ ನಿಲ್ಲಿಸಿ, ಕಿಟಕಿ ಇಳಿಸಿ ಕೇಳಿ. ಹೊಸದೇನಾದರೂ ಕೇಳಿಸಿದರೆ ಮನೆಯಲ್ಲಿ ಹೇಳಿ. ನಿಮ್ಮ ದಾರಿ ಕಾಯುತ್ತಾ ಒಂದು ಕಿವಿ ಅಲ್ಲಿ ಎಚ್ಚರವಾಗಿಯೇ ಇರುತ್ತದೆ.