ಪಂಪಿನೊಳಗೆ ಜಲ್ಲಿಯ ಸದ್ದು: ತಣ್ಣೀರು ಕುದಿಯುವ ಲೆಕ್ಕ

ಬೇಸಿಗೆಯಲ್ಲಿ ಬಾವಿಯ ನೀರು ಕೆಳಗಿಳಿದಾಗ ಕೆಲವು ಪಂಪುಗಳಲ್ಲಿ ಡಬ್ಬಿಗೆ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ. ನಮ್ಮಲ್ಲೂ ಬಂತು. ಬೇರಿಂಗು ಹೋಗಿದೆ ಅಂದರು, ಬದಲಿಸಿದೆವು. ಸದ್ದು ಹೋಗಲಿಲ್ಲ. ಮರುವರ್ಷ ಬಿಚ್ಚಿ ನೋಡಿದರೆ ಇಂಪೆಲ್ಲರು ಗೆದ್ದಲು ತಿಂದ ಹಾಗೆ ತೂತು ತೂತು!

ತಿಂದದ್ದು ನೀರೇ. ಇದಕ್ಕೆ ಕ್ಯಾವಿಟೇಶನ್ ಅನ್ನುತ್ತಾರೆ. ಒತ್ತಡ ತೀರಾ ಇಳಿದರೆ ನೀರು ತಣ್ಣಗಿದ್ದಂತೆಯೇ ಕುದಿದು ಆವಿಯ ಗುಳ್ಳೆಗಳಾಗುತ್ತವೆ. ಮುಂದೆ ಒತ್ತಡ ಹೆಚ್ಚಿರುವಲ್ಲಿಗೆ ಹೋದ ಕೂಡಲೇ ಗುಳ್ಳೆ ಒಳಕ್ಕೆ ಕುಸಿಯುತ್ತದೆ. ಆ ಪೆಟ್ಟು ಲೋಹವನ್ನೇ ಕಿತ್ತು ಹಾಕುತ್ತದೆ. ಗುಳ್ಳೆ ಕುಸಿಯುವಾಗಿನ ಒತ್ತಡವನ್ನು 1917ರಲ್ಲೇ ಲಾರ್ಡ್ ರೇಲೇ ಗಣಿತದಿಂದ ತೋರಿಸಿದ್ದರು.

ಈಗ ವಾಲ್ವು, ಪಂಪು ತಯಾರಿಸುವವರು ಇದನ್ನು ಕಂಪ್ಯೂಟರಿನಲ್ಲಿ ಮೊದಲೇ ನೋಡುತ್ತಾರೆ. ನೀರು ಹರಿಯುವ ಜಾಗವನ್ನು ಲಕ್ಷಾಂತರ ಸಣ್ಣ ಕೋಣೆಗಳಾಗಿ ಭಾಗ ಮಾಡಿ, ಪ್ರತಿಯೊಂದರಲ್ಲೂ ವೇಗವೆಷ್ಟು, ಒತ್ತಡವೆಷ್ಟು ಎಂದು ಲೆಕ್ಕ ಹಾಕುವುದು. ಒತ್ತಡ ಕುದಿಯುವ ಮಟ್ಟಕ್ಕಿಂತ ಕೆಳಗಿಳಿದ ಕೋಣೆಯಲ್ಲಿ ಗುಳ್ಳೆ ಹುಟ್ಟುತ್ತದೆ. ವಾಲ್ವಿನ ಇಕ್ಕಟ್ಟಿನಲ್ಲಿ ವೇಗ ಏರಿ ಒತ್ತಡ ಇಳಿಯುವುದರಿಂದ ಅಲ್ಲಿಯೇ ಹೆಚ್ಚು.

ಇದೇ ಲೆಕ್ಕವನ್ನು ಒಂದೇ ಕೋಣೆಗೆ ನಾವು ಪೆನ್ಸಿಲಿನಲ್ಲಿ ಮಾಡಬಹುದು. ಕರಾವಳಿಯಲ್ಲಿ ಗಾಳಿಯ ಒತ್ತಡ ನೀರನ್ನು 10.3 ಮೀಟರಿನಷ್ಟು ಮೇಲೆ ದೂಡಬಲ್ಲುದು. ನಿಮ್ಮ ಪಂಪು ನೀರಿಗಿಂತ 6 ಮೀಟರ್ ಮೇಲಿದೆ, ಫುಟ್‌ವಾಲ್ವು ಮತ್ತು ಪೈಪಿನಲ್ಲಿ 1.5 ಮೀಟರ್ ನಷ್ಟ ಅಂತಿಟ್ಟುಕೊಳ್ಳಿ. ಉಳಿಯಿತು 2.8. ಪಂಪಿನ ಬಾಯೊಳಗೆ ಇನ್ನೊಂದು 2 ಮೀಟರ್ ಇಳಿದರೆ ಉಳಿಯುವುದು 0.8. ಸುಮಾರು 30 ಡಿಗ್ರಿ ಬಿಸಿಯ ನೀರು ಕುದಿಯುವುದು 0.4 ಮೀಟರಿನಲ್ಲಿ. ಅಂದರೆ ಬಚಾವ್. ಆದರೆ ಫುಟ್‌ವಾಲ್ವಿಗೆ ಕಸ ಸಿಕ್ಕಿ ಇನ್ನೊಂದು ಮೀಟರ್ ಹೋದರೆ? ಅಥವಾ ಬಾವಿಯ ನೀರೇ ಒಂದು ಮೀಟರ್ ಇಳಿದರೆ? ಕುದಿಯಿತು! ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದ ತೋಟಗಳಲ್ಲಿ ಗಾಳಿಯ ಒತ್ತಡವೇ ಒಂದು ಮೀಟರಿಗಿಂತ ಹೆಚ್ಚು ಕಡಿಮೆ. ಅಲ್ಲಿ ಇನ್ನೂ ಜಾಗ್ರತೆ ಬೇಕು.

ಸದ್ದು ಬಂದರೆ ಡೆಲಿವರಿ ವಾಲ್ವನ್ನು ಸ್ವಲ್ಪ ತಿರುಗಿಸಿ ನೀರು ಕಡಿಮೆ ಮಾಡಿ ನೋಡಿ. ಸದ್ದು ತಗ್ಗಿದರೆ ಬೇರಿಂಗಿನದ್ದಲ್ಲ, ಬಹುತೇಕ ಇದೇ ರೋಗ. ನೀರು ಕಡಿಮೆಯಾದಾಗ ಸಕ್ಷನ್ನಿನ ನಷ್ಟವೂ ಕಡಿಮೆಯಾಗುತ್ತದೆ.

ಮದ್ದು ದುಬಾರಿಯಲ್ಲ. ಫುಟ್‌ವಾಲ್ವಿನ ಜಾಲರಿ ತೊಳೆಯಿರಿ. ಆದೀತಾದರೆ ಪಂಪನ್ನು ಕೆಳಗಿಳಿಸಿ. ಸಕ್ಷನ್ ಪೈಪು ಎರಡೂವರೆ ಇಂಚಿನ ಬದಲು ಮೂರು ಇಂಚಿನದಾದರೆ ಅಷ್ಟೇ ನೀರಿಗೆ ಪೈಪಿನ ಘರ್ಷಣೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಬೆಂಡುಗಳು ಕಡಿಮೆಯಿರಲಿ. ನೀರು ಕಡಿಮೆ ಮಾಡಲು ಸಕ್ಷನ್ ಕಡೆ ವಾಲ್ವು ಬೇಡವೇ ಬೇಡ, ಡೆಲಿವರಿ ಕಡೆ ಇರಲಿ.

ಕಂಪ್ಯೂಟರು ಎಷ್ಟೇ ಚೆನ್ನಾಗಿ ಲೆಕ್ಕ ಹಾಕಿದರೂ ನಿಮ್ಮ ಬಾವಿಯ ಜಾಲರಿಗೆ ಅಂಟಿದ ತರಗೆಲೆ ಅದಕ್ಕೆ ಕಾಣದು. ಅದನ್ನು ನೋಡಬೇಕಾದವರು ನಾವೇ. ಹೊಸ ಇಂಪೆಲ್ಲರಿಗೆ ದುಡ್ಡು ಎಣಿಸುವ ಮೊದಲು ಒಮ್ಮೆ ಬಾವಿಗೆ ಇಳಿಸಿದ ಪೈಪನ್ನು ಮೇಲೆತ್ತಿ ನೋಡಿ.