ಅಟ್ಟದ ಕೊಬ್ಬರಿಯೂ ಮದುವೆಯ ಡಿವಿಡಿಯೂ

ಹಂದನಕೆರೆ, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗುಡುಗುಡು ಎಂದಾಗ ಉಂಡೆ ಕೊಬ್ಬರಿ ಸಿದ್ಧ. ತೂಕ ಇಳಿಯುತ್ತದೆ, ಸಾಗಣೆ ಸಲೀಸು. ಆದರೆ ಕೊಬ್ಬರಿಯನ್ನು ಎಷ್ಟು ನೆನೆಸಿದರೂ ಅದು ಮತ್ತೆ ಕಾಯಿಯಾಗದು. ಇದೇ ಮನೆಗಳ ಬೀರುವಿನಲ್ಲಿರುವ ಮದುವೆಯ ಡಿವಿಡಿಗಳ ಕತೆಯೂ ಹೀಗೆಯೇ.

2000ರ ದಶಕದಲ್ಲಿ ಮದುವೆಗಳನ್ನು ಮಿನಿ ಡಿವಿ ಟೇಪಿನಲ್ಲಿ ಚಿತ್ರೀಕರಿಸುವುದು ವಾಡಿಕೆಯಾಗಿತ್ತು. ಅದರ ಒಂದು ಗಂಟೆಯ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ಸುಮಾರು 13 ಗಿಗಾಬೈಟ್. ಒಂದು ಪದರದ ಡಿವಿಡಿಯಲ್ಲಿ ಹಿಡಿಯುವುದು 4.7 ಮಾತ್ರ. ಮೂರು ಗಂಟೆಯ ಮದುವೆ ಅದರೊಳಗೆ ಕೂರಬೇಕಾದರೆ ಎಂಟರಲ್ಲಿ ಏಳು ಪಾಲನ್ನು ಬಿಡಬೇಕು. ಹಾಗೆ ನೋಡಿದರೆ ಕ್ಯಾಮೆರಾ ಕೂಡ ಆಗಲೇ ಒಂದು ಸುತ್ತು ಹಿಂಡಿಯೇ ಇರುತ್ತದೆ. ಏನೂ ಹಿಂಡದ ಚಿತ್ರವಾದರೆ ಐದೇ ನಿಮಿಷಕ್ಕೆ ಡಿವಿಡಿ ಭರ್ತಿ.

ಈ ಹಿಂಡುವ ವಿದ್ಯೆಯ ಗಣಿತಕ್ಕೆ ಕನ್ನಡನಾಡಿನ ನಂಟಿದೆ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ಯುವಿಸಿಇ ಎಂದು ಹೆಸರಾದ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ವಿಧಾನದ ಸಂಶೋಧನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣ ಕೇಳಿದರು. ಸಿಗಲಿಲ್ಲ. ಟಿ. ನಟರಾಜನ್, ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಡಿವಿಡಿಯ ಎಂಪೆಗ್-2 ನಿಂತಿರುವುದು ಅದರ ಮೇಲೆ.

ಚಿತ್ರವನ್ನು ಎಂಟೆಂಟು ಚುಕ್ಕಿಗಳ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನು ದಪ್ಪ ವಿನ್ಯಾಸದಿಂದ ಹಿಡಿದು ನವಿರಾದ ವಿನ್ಯಾಸದವರೆಗಿನ 64 ಮಾದರಿಗಳ ಮೊತ್ತವಾಗಿ ಬರೆಯುವುದು ಇದರ ಮರ್ಮ. ಸುಣ್ಣದ ಗೋಡೆಗೆ ಮೊದಲ ಒಂದೆರಡು ಅಂಕಿಗಳೇ ಸಾಕು. ಕಣ್ಣಿಗೆ ಅಷ್ಟಾಗಿ ತಿಳಿಯದ ನವಿರು ವಿವರಗಳನ್ನು ಒರಟಾಗಿ ದುಂಡಗಾಗಿಸಿ ಬಿಡಲಾಗುತ್ತದೆ. ನಷ್ಟವಾಗುವುದು ಇಲ್ಲಿಯೇ. ಜೊತೆಗೆ, ಸೆಕೆಂಡಿಗೆ 25 ಚಿತ್ರಗಳಲ್ಲಿ ಒಂದೆರಡನ್ನು ಮಾತ್ರ ಪೂರ್ತಿ ಇಟ್ಟು, ಉಳಿದವುಗಳಲ್ಲಿ ಏನು ಕದಲಿತು, ಏನು ಬದಲಾಯಿತು ಎಂಬುದನ್ನಷ್ಟೇ ಬರೆದುಕೊಳ್ಳುತ್ತಾರೆ.

ತೆಂಗಿನ ಸೀಮೆಗೆ ತೊಡಕು ಬರುವುದು ಇಲ್ಲೇ. ಗಾಳಿಗೆ ಆಡುವ ಗರಿಗಳಲ್ಲಿ ನವಿರಾದ ಗೆರೆಗಳೂ ಹೆಚ್ಚು, ಚಲನೆಯೂ ಹೆಚ್ಚು. ತೋಟದಂಚಿನ ಚಪ್ಪರದ ಮದುವೆ ಕಲ್ಯಾಣ ಮಂಟಪದ ಮದುವೆಗಿಂತ ಹೆಚ್ಚು ಜಾಗ ಬೇಡುತ್ತದೆ. ಗಟ್ಟಿಮೇಳ ಮೊಳಗಿ ನೂರಾರು ಕೈಗಳು ಒಟ್ಟಿಗೆ ಅಕ್ಷತೆ ಎರಚಿದಾಗಲಂತೂ ಪ್ರತಿ ಕಾಳೂ ಬೇರೆ ದಿಕ್ಕಿಗೆ ಹಾರುತ್ತದೆ. ಇಡೀ ಮದುವೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುವುದು ಸರಿಯಾಗಿ ಮುಹೂರ್ತದ ಆ ಗಳಿಗೆಯಲ್ಲಿ!

ಇದಕ್ಕೆ ಉಪಾಯವಿಲ್ಲದಿಲ್ಲ. ತಂತ್ರಾಂಶ ಮೊದಲ ಸಲ ಪೂರ್ತಿ ನೋಡಿ ಕಷ್ಟದ ಜಾಗಗಳನ್ನು ಗುರುತಿಸಿಕೊಂಡು, ಎರಡನೆಯ ಸಲ ಹಂಚಿಕೆ ಮಾಡಬಹುದು. ಮುಯ್ಯಿ ಕೊಟ್ಟು ಫೋಟೊಗೆ ಕದಲದೆ ನಿಂತವರಿಂದ ಉಳಿಸಿದ್ದನ್ನು ಅಕ್ಷತೆಗೆ ಕೊಡುವ ಕ್ರಮವಿದು. ಹೊತ್ತು ಇಮ್ಮಡಿ ಹಿಡಿಯುತ್ತದೆ. ಲಗ್ನದ ಕಾಲದಲ್ಲಿ ಅಷ್ಟು ಪುರುಸೊತ್ತು ಯಾವ ಸ್ಟುಡಿಯೊದವರಿಗಿದ್ದೀತು? ನಾಲ್ಕೈದು ಗಂಟೆ ತುರುಕುವುದಾದರೆ ಅಗಲದ ಚುಕ್ಕಿಗಳನ್ನು 720ರಿಂದ 352ಕ್ಕೆ ಇಳಿಸುವುದೇ ಮೇಲು. ಚಿತ್ರ ತುಸು ಮಸುಕಾದರೂ ಒಡೆಯುವುದಿಲ್ಲ. ಎರಡು ಡಿಸ್ಕಿಗೆ ಹಂಚುವುದು ಎಲ್ಲಕ್ಕಿಂತ ಸುಲಭ.

ಡಿವಿಡಿ ಕೈಗೆ ಬಂದ ಮೇಲೆ ಅದೇ ಟೇಪಿನಲ್ಲಿ ಮುಂದಿನ ಮದುವೆಯನ್ನು ಹಿಡಿದುದೂ ಉಂಟು. ಅಲ್ಲಿಗೆ ಕಾಯಿ ಹೋಯಿತು, ಉಳಿದದ್ದು ಕೊಬ್ಬರಿ. ಮನೆಯಲ್ಲಿ ಬರೆದ ಡಿಸ್ಕುಗಳ ಬಣ್ಣದ ಲೇಪವೂ ವರ್ಷ ಕಳೆದಂತೆ ಮಾಸುತ್ತದೆ. ಅದರೊಳಗಿನ ಕಡತಗಳನ್ನು ಇದ್ದ ಹಾಗೆಯೇ ಹಾರ್ಡ್ ಡಿಸ್ಕಿಗೆ ನಕಲಿಸಿದರೆ ನಷ್ಟವೇನಿಲ್ಲ. ಮೊಬೈಲಿನಲ್ಲಿ ಕಳಿಸಲೆಂದು ಮತ್ತೊಮ್ಮೆ ಹಿಂಡಿ, ಅದನ್ನೇ ಮೂಲವೆಂದು ಇಟ್ಟುಕೊಂಡರೆ, ಅಕ್ಷತೆಯ ಕಾಳುಗಳ ಹಿಂದೆಯೇ ಅಜ್ಜಿಯ ಮುಖದ ಸುಕ್ಕುಗಳೂ ಹೋಗುತ್ತವೆ.