ನಮ್ಮೂರ ಹವೆಗೆ ನಾಲ್ಕು ಗಾಲಿ

ದೀಪಾವಳಿ ಮುಗಿದು ಎಂಟು ದಿನವಾಗಿತ್ತು. ಮಾವನವರನ್ನು ಮಿರಜದ ದವಾಖಾನೆಗೆ ತೋರಿಸಿಕೊಂಡು ಮ್ಹೈಸಾಳಕ್ಕೆ ಮರಳುತ್ತಿದ್ದೆ. ಮುಂದೆ ಮಾವ, ಹಿಂದೆ ಅತ್ತೆ ಮತ್ತು ನನ್ನ ಇಬ್ಬರು ಮಕ್ಕಳು. ಹಗಲೆಲ್ಲ ಬಿಸಿಲಿದ್ದು ಸಂಜೆಗೆ ಹಿಂಗಾರಿಯ ನಾಲ್ಕು ಹನಿ ಉದುರಿದ್ದವು, ರಸ್ತೆ ತೋಯುವಷ್ಟು ಮಾತ್ರ. ಹೆದ್ದಾರಿ ಬಿಟ್ಟು ತೋಟದ ತಿರುವಿಗೆ ಬಂದರೆ ಎದುರಿಗೆ ಕಬ್ಬು ಹೇರಿದ ಡಬಲ್ ಟ್ರ್ಯಾಲಿ ನಿಂತಿದೆ, ಹಿಂದೆ ದೀಪವಿಲ್ಲ. ಬ್ರೇಕ್ ಒತ್ತಿದೆ. ಕಾಲಡಿಯಲ್ಲಿ ಪೆಡಲ್ ತಟತಟ ನಡುಗಿತೇ ಹೊರತು ಗಾಡಿ ನಿಲ್ಲಲಿಲ್ಲ. ಎಣ್ಣೆ ಸವರಿದ ಹಂಚಿನ ಮೇಲೆ ಜಾರಿದಂತೆ ಹಿಂಭಾಗ ಬಲಕ್ಕೆ ಜಾರಿತು. ಕಬ್ಬಿನ ತುದಿಗೂ ನಮ್ಮ ಬಾನೆಟ್ಟಿಗೂ ಒಂದು ಮೊಳ ಉಳಿದಿದ್ದಾಗ ನಿಂತಿತು. ಯಾರೂ ಮಾತಾಡಲಿಲ್ಲ. ಅತ್ತೆ ಮಕ್ಕಳಿಬ್ಬರ ತಲೆಯನ್ನೂ ಎದೆಗೆ ಅವುಚಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಗಾಲಿಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ಹತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ತವರು ಅಥಣಿಗೆ, ಕಾಗವಾಡದ ಸಂತೆಗೆ, ಉಗಾರದ ನೆಂಟರಲ್ಲಿಗೆ, ಸಾಂಗಲಿಯ ಕಾಲೇಜಿಗೆ, ಎಲ್ಲಿಗೆಂದರೆ ಅಲ್ಲಿಗೆ ಹೋಗಿಬಂದಿದ್ದೇನೆ. ಆದರೆ ಟೈರನ್ನು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಗೀರುಗಳು ಇನ್ನೂ ಕಾಣುತ್ತಿದ್ದವು, ಬೋಳಾಗಿರಲಿಲ್ಲ. ನಮ್ಮ ಯಜಮಾನರೂ ಪಂಕ್ಚರ್ ಅಂಗಡಿಯ ಹುಡುಗನೂ ಒಂದೇ ಮಾತು ಹೇಳಿದರು: "ಇನ್ನಾ ಹತ್ತ ಸಾವಿರ ಕಿಲೋಮೀಟರ್ ಆರಾಮ ಓಡ್ತಾವು." ಮಾವನವರು ಮಾತ್ರ ಬಾಗಿ ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತಿ ನೋಡಿದರು. "ಉಗರ ಊರವಲ್ದು. ಇದು ಟೈರ್ ಅಲ್ಲವಾ, ಒಣಗಿದ ತೊಗಲು," ಅಂದರು.

ಅವರು ಹೇಳಿದ್ದೇ ಸರಿ. ಟೈರಿನ ಪಕ್ಕೆಯ ಮೇಲೆ ಡಿಓಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲೊಂದಿರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನವಿದ್ದಂತೆ. ನಮ್ಮದರಲ್ಲಿ 2318 ಎಂದಿತ್ತು, ಅಂದರೆ 2018ರ 23ನೇ ವಾರ. ಆರು ವರ್ಷ ದಾಟಿತ್ತು. ಬಿಸಿಲು ಮತ್ತು ಗಾಳಿಯಲ್ಲಿನ ಆಮ್ಲಜನಕ, ಓಝೋನ್ ಸೇರಿ ರಬ್ಬರನ್ನು ಒಳಗೊಳಗೇ ಗಟ್ಟಿ ಮಾಡುತ್ತವೆ. ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ಅದು ತಪ್ಪುವುದಿಲ್ಲ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿದ್ದು ಅದರಿಂದಲೇ. ಐದು ವರ್ಷವಾದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ ಎಂದು ತಯಾರಕರು ಹೇಳುತ್ತಾರೆ; ಎಷ್ಟೇ ಗೀರಿದ್ದರೂ ಹತ್ತನೇ ವರ್ಷದಾಚೆ ಬೇಡ ಎಂದೂ ಹೇಳುತ್ತಾರೆ. ಹಲವು ಕಾರು ಕಂಪನಿಗಳ ಲೆಕ್ಕದಲ್ಲಿ ಗಡುವು ಆರೇ ವರ್ಷ.

ಗೀರಿನ ಆಳಕ್ಕೂ ಒಂದು ಲೆಕ್ಕವಿದೆ. ಹೊಸ ಟೈರಿನಲ್ಲಿ ಅದು ಸುಮಾರು 7-8 ಮಿಲಿಮೀಟರ್ ಇರುತ್ತದೆ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ, ಎತ್ತರ 1.6 ಮಿಲಿಮೀಟರ್. ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಇಳಿದರೆ ಟೈರಿನ ಆಯುಷ್ಯ ಮುಗಿಯಿತು. ಆದರೆ ಮಳೆ ನೀರಿಗೆ ಈ ಲೆಕ್ಕ ಸಾಲದು. ಗೀರುಗಳೆಂದರೆ ನೀರು ಹರಿದುಹೋಗುವ ಕಾಲುವೆಗಳು. ಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಗದ್ದೆಗೆ ನುಗ್ಗುವ ಹಾಗೆ, ಗೀರು ತೆಳುವಾದರೆ ನೀರು ಟೈರಿನ ಅಡಿಯಲ್ಲೇ ನಿಂತು ಗಾಡಿಯನ್ನು ಎತ್ತುತ್ತದೆ. ಆಗ ಸ್ಟೇರಿಂಗ್ ಹಗುರವಾಗುತ್ತದೆ, ಗಾಲಿ ನೀರಿನ ಮೇಲೆ ತೇಲುತ್ತದೆ. ಹಾಗಾಗಿ 3 ಮಿಲಿಮೀಟರಿಗೆ ಬಂದಾಗಲೇ ಬದಲಿಸುವುದು ಲೇಸು. ನಮ್ಮದು ಸರಿಯಾಗಿ ಅಷ್ಟಕ್ಕೇ ಬಂದಿತ್ತು. ಒಂದೊಂದು ಗಾಲಿ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಮನೆ ಮಂದಿಯೆಲ್ಲ ಕುಳಿತ ಗಾಡಿ ನಾಲ್ಕು ಅಂಗೈ ಜಾಗದ ಮೇಲೆ ನಿಂತಿರುತ್ತದೆ ಎಂಬುದು ತಿಳಿದ ಮೇಲೆ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮಾಂಟ್ರಿಯಲ್‌ನಲ್ಲಿರುವ ನನ್ನ ಕಾಕಾನ ಮಗನಿಗೆ ಫೋನ್ ಮಾಡಿದಾಗ, "ಅಕ್ಕಾ, ಆಲ್ ವೆದರ್ ಟೈರ್ ಹಾಕ್ಸು, ವರ್ಷಪೂರ್ತಿ ಚಿಂತಿ ಇಲ್ಲ," ಅಂದ. ಹೆಸರು ಕೇಳಲು ಚೆಂದ. ನಮ್ಮ ಸರ್ಕಾರದ ಫಲಕಗಳಲ್ಲಿ ಸರ್ವಋತು ರಸ್ತೆ ಇರುತ್ತದಲ್ಲ, ಹಾಗೆ ಸರ್ವಋತು ಟೈರು. ಆದರೆ ಅವರ ಋತುಗಳೇ ಬೇರೆ, ನಮ್ಮ ಋತುಗಳೇ ಬೇರೆ. ಅವನಿರುವ ಕ್ವಿಬೆಕ್ ಪ್ರಾಂತದಲ್ಲಿ 2008ರಿಂದ ಚಳಿಗಾಲದ ಟೈರು ಕಾನೂನಿನ ಪ್ರಕಾರವೇ ಕಡ್ಡಾಯ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು, ಈ ಗುರುತು ಟೈರಿನ ಮೇಲಿರಬೇಕು. ಸಾಮಾನ್ಯ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತದೆ. ಚಳಿಯಲ್ಲೂ ಮೆತ್ತಗಿರುವ ರಬ್ಬರನ್ನು ಆ ನಾಡುಗಳವರು ಬೇರೆಯೇ ಹದದಲ್ಲಿ ತಯಾರಿಸುತ್ತಾರೆ. ಫಿನ್ಲೆಂಡಿನ ಈಗಿನ ನೋಕಿಯನ್ ಕಂಪನಿಯವರು 1934ರಲ್ಲೇ ಹಿಮಕ್ಕೆಂದು ಟೈರು ಮಾಡಿದ್ದರು. ಬೇಸಿಗೆಗೂ ನಡೆಯುವ, ಹಿಮದ ಗುರುತೂ ಇರುವ ಟೈರಿಗೆ ಅಲ್ಲಿಯವರು ಆಲ್ ವೆದರ್ ಎನ್ನುತ್ತಾರೆ. ಆ ಮೆತ್ತನೆಯ ರಬ್ಬರ್ ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಕಾಯುವ ನಮ್ಮ ಡಾಂಬರಿನ ಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಂತೆ ಸವೆದೀತು. ಮ್ಹೈಸಾಳದಲ್ಲಿ ಪುಷ್ಯಮಾಸದ ನಸುಕಿನಲ್ಲೂ 7 ಡಿಗ್ರಿಗೆ ಇಳಿಯುವುದು ಅಪರೂಪ. ನಮಗೆ ಆ ಗುರುತಿನ ಅಗತ್ಯವಿಲ್ಲ.

ಹಾಗಾದರೆ ನಮ್ಮ ಸರ್ವಋತು ಯಾವುದು? ಒಂದು ಹಾಳೆಯ ಮೇಲೆ ಬರೆದೇ ನೋಡಿದೆ. ಚೈತ್ರ-ವೈಶಾಖದ ಕಾದ ಡಾಂಬರು. ಮೃಗಶಿರಾ ಮಳೆಯ ಮೊದಲ ಹನಿ. ಎಂಟು ತಿಂಗಳು ರಸ್ತೆಗೆ ಅಂಟಿದ ಎಣ್ಣೆ, ದೂಳು ಆಗ ಲೋಳೆಯಾಗುತ್ತವೆ. ದಿವಾಳಿಯಿಂದ ಶಿವರಾತ್ರಿಯ ಆಚೀಚೆಯವರೆಗೆ ಸಕ್ಕರೆ ಕಾರ್ಖಾನೆ ಸೀಜನ್. ಹೊಲದಿಂದ ಏರಿದ ಟ್ರ್ಯಾಲಿಗಳು ಗಾಲಿಗೆ ಮೆತ್ತಿದ ಎರಿಮಣ್ಣನ್ನು ರಸ್ತೆಗೆ ಬಡಿಯುತ್ತ ಹೋಗುತ್ತವೆ, ಮೇಲೆ ರವದಿ ಉದುರುತ್ತದೆ. ಕಪ್ಪು ಮಣ್ಣು ಒಣಗಿದ್ದಾಗ ಕಲ್ಲು, ಹನಿ ಬಿದ್ದರೆ ಸಾಬೂನು. ಇದರ ಮೇಲೆ ವರ್ಷಕ್ಕೊಮ್ಮೆ ಮಕ್ಕಳ ಹಟಕ್ಕೆ ಆಂಬೋಲಿ ಘಾಟು ಇಳಿದು ಕೊಂಕಣಕ್ಕೆ ಹೋಗುವುದು, ಅದೂ ಮಳೆಗಾಲದಲ್ಲೇ. ಹೊಲದ ದಾರಿಯ ಜಾಲಿ ಮುಳ್ಳಿನ ಸಂಗತಿ ಹೇಳುವುದೇ ಬೇಡ. ಬರೆದು ಮುಗಿಸಿದಾಗ ಒಂದು ಮಾತು ಸ್ಪಷ್ಟವಾಯಿತು: ನನಗೆ ಬೇಕಾದದ್ದು ಲಕ್ಷ ಕಿಲೋಮೀಟರ್ ಬಾಳುವ ಟೈರಲ್ಲ, ಒದ್ದೆ ರಸ್ತೆಯಲ್ಲಿ ನಿಲ್ಲುವ ಟೈರು.

ಇವೆರಡೂ ಒಂದೇ ಅಲ್ಲ. ಗಟ್ಟಿ ರಬ್ಬರ್ ಹೆಚ್ಚು ಬಾಳುತ್ತದೆ, ಕಡಿಮೆ ಹಿಡಿಯುತ್ತದೆ. ಬಹುಕಾಲ ಟೈರಿಗೆ ಬಲ ಕೊಡುತ್ತಿದ್ದದ್ದು ಇಂಗಾಲದ ಮಸಿ ಒಂದೇ, ಕಪ್ಪು ಬಣ್ಣವೂ ಅದರದ್ದೇ. 1992ರಲ್ಲಿ ಮಿಶೆಲಿನ್ ಕಂಪನಿ ಅದರ ಬದಲು ಸಿಲಿಕಾ ಬೆರೆಸಿದ ಟೈರು ತಂದಿತು. ಸಿಲಿಕಾ ಇದ್ದರೆ ತೋಯ್ದ ರಸ್ತೆಯಲ್ಲಿ ಹಿಡಿತ ಹೆಚ್ಚು, ಇಂಧನವೂ ಉಳಿಯುತ್ತದೆ. ಈಗ ನಮ್ಮ ದೇಶದ ಕಂಪನಿಗಳ ಕಾರು ಟೈರುಗಳಲ್ಲೂ ಅದು ಬಂದಿದೆ. ಕೇಂದ್ರ ಸರ್ಕಾರ 2022ರಲ್ಲಿ ಮೋಟಾರು ವಾಹನ ನಿಯಮ ತಿದ್ದಿ ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರಕ್ಕೂ ಎಐಎಸ್-142 ಎಂಬ ಮಾನದಂಡ ಹಾಕಿತು. ಐಎಸ್ಐ ಗುರುತು ಅದಕ್ಕೂ ಮೊದಲಿಂದ ಕಡ್ಡಾಯ. ಕಾರು ಟೈರಿನದು ಐಎಸ್ 15633. ಕೆಲವು ಟೈರುಗಳ ಪಕ್ಕೆಯಲ್ಲಿ ಟ್ರ್ಯಾಕ್ಷನ್ ಎಂಬ ಪದದ ಮುಂದೆ ಎಎ, ಎ, ಬಿ, ಸಿ ಇವುಗಳಲ್ಲಿ ಒಂದು ಇರುತ್ತದೆ. ತೋಯ್ದ ರಸ್ತೆಯ ಮೇಲೆ ನೇರ ಹೋಗುವಾಗ ಬ್ರೇಕ್ ಹಾಕಿದರೆ ಹೇಗೆ ನಿಲ್ಲುತ್ತದೆ ಎಂಬುದರ ದರ್ಜೆ ಅದು. ಎಎ ಎಲ್ಲಕ್ಕಿಂತ ಮೇಲು. ನಾನು ಅಂಗಡಿಯಲ್ಲಿ ಮೊದಲು ಹುಡುಕಿದ್ದು ಅದನ್ನೇ.

ಮಿರಜದ ಅಂಗಡಿಯವರು ಒಳ್ಳೆಯವರು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡಿಸಿದರು. "ವೈನಿ, ಸ್ವಲ್ಪ ಅಗಲಂದು ಹಾಕ್ರಿ. ಗಾಡಿ ಭಾರೀ ಕಾಣ್ತದ, ಹಿಡಿತಾನೂ ಜಾಸ್ತಿ." ನಮ್ಮ ಗಾಡಿಯ ಅಳತೆ 185/65 ಆರ್ 15. 185 ಎಂದರೆ ಅಗಲ, ಮಿಲಿಮೀಟರಿನಲ್ಲಿ. ಪಕ್ಕೆಯ ಎತ್ತರ ಆ ಅಗಲದ ಶೇಕಡ 65. ಆರ್ ಎಂದರೆ ರೇಡಿಯಲ್. ಒಳಗಿನ ರಿಮ್ಮಿನ ವ್ಯಾಸ 15 ಇಂಚು. ಅವರು ತೋರಿಸಿದ್ದು 205/65. ಅಲ್ಲೇ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ: ನಮ್ಮದರ ಒಟ್ಟು ವ್ಯಾಸ 621.5 ಮಿಲಿಮೀಟರ್, ಅದರದು 647.5. ಶೇಕಡ 4ರಷ್ಟು ದೊಡ್ಡದು. ಅಂದರೆ ಮೀಟರು 60 ತೋರಿಸುವಾಗ ಮೊದಲಿಗಿಂತ ಎರಡೂವರೆ ಕಿಲೋಮೀಟರ್ ಜಾಸ್ತಿ ವೇಗದಲ್ಲಿರುತ್ತೇವೆ. ಐದು ಮಂದಿ ಕುಳಿತು ತೆಗ್ಗಿಗೆ ಇಳಿದರೆ ಮಡ್‌ಗಾರ್ಡಿಗೆ ತಿಕ್ಕಬಹುದು. ಅಗಲವಾದ ಟೈರು ನಿಂತ ನೀರನ್ನು ಸೀಳುವ ಬದಲು ಅದರ ಮೇಲೇರುತ್ತದೆ. ಒಣ ರಸ್ತೆಯಲ್ಲಿ ಕೊಟ್ಟ ಲಾಭವನ್ನು ಮಳೆಯಲ್ಲಿ ಕಸಿದುಕೊಳ್ಳುತ್ತದೆ. ಬೇಡವೆಂದೆ. ಅಳತೆಯ ಮುಂದೆ 88ಎಚ್ ಎಂದಿತ್ತು. 88 ಎಂದರೆ ಒಂದು ಟೈರು ಹೊರಬಲ್ಲ ಭಾರ 560 ಕಿಲೋ, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗ ತಾಳುವ ಕಸುವು. ಆ ವೇಗ ನಮಗೆ ಬೇಡ, ಆದರೆ ಗಾಡಿ ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ಅಂಕಿ ಮತ್ತು ಅಕ್ಷರ ತೆಗೆದುಕೊಳ್ಳಬಾರದು. ಕಾವು ತಾಳುವ ಶಕ್ತಿಯೂ ಅದರಲ್ಲೇ ಅಡಗಿದೆ.

ಆರಿಸಿದ ಟೈರುಗಳನ್ನು ಹುಡುಗ ಉರುಳಿಸಿಕೊಂಡು ತಂದ. ಮೊಬೈಲ್ ಬೆಳಕು ಹಿಡಿದು ತಾರೀಖು ನೋಡಿದೆ. ಮೂರು ಟೈರು ನಾಲ್ಕು ತಿಂಗಳ ಹಿಂದಿನವು, ಒಂದು ಎರಡೂವರೆ ವರ್ಷದ್ದು. ಅದನ್ನು ಬದಲಿಸಿಕೊಡಿ ಎಂದೆ. ಗೊಣಗದೆ ಬದಲಿಸಿದರು. ದಯವಿಟ್ಟು ಕೇಳಿ, ಸಂಕೋಚಪಡಬೇಡಿ. ಹಾಲಿನ ಪಾಕೀಟಿನ ತಾರೀಖು ನೋಡುವ ನಾವು ನಾಲ್ಕೈದು ಸಾವಿರ ಕೊಟ್ಟು ಕೊಳ್ಳುವ ಟೈರಿನದು ಏಕೆ ನೋಡುವುದಿಲ್ಲ? ನಾನು ತೆಗೆದುಕೊಂಡದ್ದು ಅಗ್ಗದ್ದಕ್ಕಿಂತ ಒಂದಕ್ಕೆ ಎಂಟುನೂರು ರೂಪಾಯಿ ಹೆಚ್ಚಿನದು. ಆ ವರ್ಷ ದ್ರಾಕ್ಷಿ ಕೈಕೊಟ್ಟಿತ್ತು, ಯಜಮಾನರ ಮುಖ ಸಣ್ಣದಾಯಿತು. ಮೂರು ಸಾವಿರದ ಇನ್ನೂರು. ಬಂಪರ್ ಬದಲಿಸಲೂ ಸಾಲದ ಹಣ.

ನಾಲ್ಕೂ ಹಳೆಯವಾದ್ದರಿಂದ ನಾಲ್ಕನ್ನೂ ಬದಲಿಸಿದೆವು. ಕೈ ಬಿಗಿಯಿದ್ದರೆ ಎರಡು ಹಾಕಿಸಬಹುದು, ಆದರೆ ಎಲ್ಲಿ ಎಂಬಲ್ಲೇ ಬಹಳ ಮಂದಿ ತಪ್ಪುತ್ತಾರೆ. ಅಥಣಿಯ ನಮ್ಮಣ್ಣ ಹೊಸವೆರಡನ್ನು ಮುಂದೆ ಹಾಕಿಸಿಕೊಂಡಿದ್ದ. ಇಂಜಿನ್ ಮುಂದೆ, ಸ್ಟೇರಿಂಗ್ ಮುಂದೆ, ಸಹಜವಾಗಿ ಹಾಗೇ ತೋಚುತ್ತದೆ. ಹೊಸವು ಹಿಂದೆ ಇರಬೇಕು. ಮುಂದಿನ ಗಾಲಿ ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ವೇಗ ಇಳಿಸಿದರೆ ಕೈಗೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಬುಗುರಿಯಂತೆ ತಿರುಗುತ್ತದೆ. ಅವತ್ತು ನನಗೆ ಆದದ್ದು ಅದರ ಶುರುವಾತು.

ಹವಾದ ಬಗ್ಗೆ ನಮ್ಮ ಕಡೆ ಬೇರೂರಿದ ಒಂದು ನಂಬಿಕೆಯಿದೆ: "ಬ್ಯಾಸಿಗ್ಯಾಗ ಹವಾ ಕಡಿಮಿ ಇಡಬೇಕು, ಇಲ್ಲಂದ್ರ ಸಿಡಿತದ." ನಿಜ ಇದಕ್ಕೆ ತದ್ವಿರುದ್ಧ. ಹವಾ ಕಡಿಮೆಯಿದ್ದರೆ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ತಂತಿಯನ್ನು ಮತ್ತೆಮತ್ತೆ ಬಗ್ಗಿಸಿದರೆ ಬಿಸಿಯಾಗುವುದಿಲ್ಲವೇ, ಹಾಗೆ. ಆ ಕಾವಿಗೆ ಟೈರು ಸಿಡಿಯುತ್ತದೆ. 2022ರ ಡಿಸೆಂಬರಿನಲ್ಲಿ ನಾಗಪುರದಿಂದ ಶಿರಡಿಯವರೆಗೆ ಸಮೃದ್ಧಿ ಮಹಾಮಾರ್ಗ ತೆರೆದ ಮೇಲೆ ಟೈರು ಸಿಡಿದು ಅಪಘಾತಗಳಾದವು. ಸಾರಿಗೆ ಇಲಾಖೆಯವರು ಪ್ರವೇಶದಲ್ಲೇ ಟೈರು ಪರೀಕ್ಷಿಸಿ ಸವೆದಿದ್ದರೆ ಗಾಡಿಯನ್ನು ತಡೆಯಬೇಕಾಯಿತು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ, ಎಷ್ಟು ಹವಾ ಎಂದು. ಬೆಳಿಗ್ಗೆ ಗಾಲಿ ತಣ್ಣಗಿದ್ದಾಗ ಅಷ್ಟು ಹಾಕಿಸಿ, ಹದಿನೈದು ದಿನಕ್ಕೊಮ್ಮೆ ನೋಡಿಸಿ; ಸ್ಟೆಪ್ನಿಯನ್ನೂ. ನೈಟ್ರೋಜನ್‌ಗೆ ದುಡ್ಡು ಕೊಡುವ ಅಗತ್ಯ ನನಗೆ ಕಾಣಲಿಲ್ಲ, ಸಾದಾ ಗಾಳಿಯಲ್ಲೇ ಅದು ಶೇಕಡ 78 ಇದೆ.

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮುಗಿಸಿ ಮನೆಗೆ ಬಂದಾಗ ಮಾವನವರು ಮತ್ತೆ ಉಗುರು ಒತ್ತಿದರು. ಈ ಸಲ ಗುರುತು ಮೂಡಿ ಮೆಲ್ಲಗೆ ಮಾಯವಾಯಿತು. ತಮ್ಮ ಟ್ರ್ಯಾಕ್ಟರಿಗೆ ಮೈಸೂರಿನ ವಿಕ್ರಾಂತ್ ಟೈರು ಹಾಕಿಸಿದ್ದ ಕಾಲ ನೆನೆದರು. ಆ ಕಾರ್ಖಾನೆ 1997ರಲ್ಲಿ ಜೆಕೆ ಕಂಪನಿಯ ಪಾಲಾಯಿತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತ ಆ ತಿರುವಿನ್ಯಾಗಿದ್ದ ರಾಡಿ ಯಾರ ಹೊಲದ್ದು ಗೊತ್ತೈತೇನವಾ?" ಎಂದು ಕೇಳಿದರು.

ನಮ್ಮದೇ ಹೊಲದ್ದು. ನಾನು ಜಾರಿದ ಹಿಂದಿನ ದಿನ ನಮ್ಮ ಮೂಡಣ ಪಟ್ಟಿಯ ಕಬ್ಬು ಕಡಿದು ಸಾಗಿಸಿದ್ದರು.

ಜನವರಿಯಲ್ಲಿ ಉಳಿದ ಕಬ್ಬು ಕಡಿಯುವ ಮುಂಚೆ ಹೊಲದ ಬಾಯಿಗೆ ಎರಡು ಟ್ರ್ಯಾಲಿ ಗರಸು ಹಾಕಿಸಿದೆವು, ಟ್ರ್ಯಾಲಿಯ ಗಾಲಿಗೆ ಮೆತ್ತಿದ ಮಣ್ಣು ಅಲ್ಲೇ ಉದುರಲಿ ಎಂದು. ಆದರೂ ಒಂದಷ್ಟು ರಸ್ತೆಗೆ ಬಂತು. ಸಂಜೆ ಮಾವನವರು ಕುರ್ಚಿ ಹಾಕಿಸಿಕೊಂಡು ತಿರುವಿನಲ್ಲಿ ಕುಳಿತರು. ನಾನೂ ನಮ್ಮ ಯಜಮಾನರೂ ಸಲಿಕೆ ಹಿಡಿದು ಡಾಂಬರು ಕಾಣುವವರೆಗೆ ಕೆರೆದೆವು.